ದಿನಾ ಆಫೀಸಿಗೂ ಬೇಕು, ಘಾಟಿಯಲ್ಲಿ ಖುಷಿಯೂ ಬೇಕು: ಯಾವ ಚಿಕ್ಕ ಕಾರು ಕೊಳ್ಳಲಿ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಕಳಸದ ಹತ್ತಿರದ ಊರಿಗೆ ಪ್ರಯಾಣ, ಮನೆಯಲ್ಲಿ ವಯಸ್ಸಾದ ಅಮ್ಮನೂ ಸೇರಿ ನಾಲ್ಕು ಜನ, ಕೈಯಲ್ಲಿ ಹತ್ತು-ಹನ್ನೆರಡು ಲಕ್ಷ. ಮಾರುತಿ ಸ್ವಿಫ್ಟ್, ಹ್ಯುಂಡೈ ಐ20 ಎನ್ ಲೈನ್, ಟಾಟಾ ಆಲ್ಟ್ರೋಝ್ ರೇಸರ್, ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೊ, ಇವುಗಳಲ್ಲಿ ಓಡಿಸಲು ಮಜಾ ಇರುವ, ಆದರೆ ಮನೆಯವರಿಗೆ ಹಿಂಸೆಯಾಗದ ಕಾರು ಯಾವುದು?

ನಿಮ್ಮ ದಾರಿ ನನಗೆ ಚೆನ್ನಾಗಿ ಗೊತ್ತು. ನನ್ನ ಊರು ಉಜಿರೆಯ ಕಡೆ. ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರಕ್ಕೆ ಬಂದರೆ ನೀವು ಕಳಸದ ಕಡೆ ತಿರುಗುತ್ತೀರಿ, ನಾನು ಚಾರ್ಮಾಡಿ ಘಾಟಿ ಇಳಿಯುತ್ತೇನೆ. ಈ ದಾರಿಯಲ್ಲಿ ಹನ್ನೊಂದು ವರ್ಷ 2012ರ ಪೆಟ್ರೋಲ್ ಸ್ವಿಫ್ಟ್ ಓಡಿಸಿದೆ. 2023ರ ಕೊನೆಗೆ ಅದನ್ನು ಕೊಟ್ಟು ಐ20 ಎನ್ ಲೈನ್ ಮ್ಯಾನ್ಯುಯಲ್ ತಂದೆ. ಭಾವನ ಬಳಿ 2021ರ ಪೋಲೊ ಇದೆ, ಆಫೀಸಿನ ಗೆಳೆಯನ ಬಳಿ ರೇಸರ್. ಎರಡನ್ನೂ ಘಾಟಿಯಲ್ಲಿ ಓಡಿಸಿದ್ದೇನೆ, ಹಿಂದಿನ ಸೀಟಿನಲ್ಲಿ ಕೂತೂ ಹೋಗಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಲೆಕ್ಕ ನೋಡಿದರೆ ಐ20 ಎನ್ ಲೈನ್, ಅದೂ 6 ಗೇರಿನ ಮ್ಯಾನ್ಯುಯಲ್. ಒಬ್ಬರೋ ಇಬ್ಬರೋ ಓಡಾಡುವವರಾಗಿದ್ದರೆ, ದುಡ್ಡು ಉಳಿಸುವ ಆಸೆಯೂ ಇದ್ದರೆ, ಸ್ವಿಫ್ಟ್ ಎಂದು ಹೇಳುತ್ತಿದ್ದೆ. ಯಾಕೆ ಎಂಬುದು ಸ್ವಲ್ಪ ಉದ್ದದ ಮಾತು.

ಕಾರು ನೋಡುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಪಿಎಸ್ (ಎಂಜಿನ್ ಶಕ್ತಿ), ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅಂತ. ನಿಜ ಹೇಳಿ, ಕಳೆದ ಒಂದು ತಿಂಗಳಲ್ಲಿ ನಿಂತಲ್ಲಿಂದ ನೂರರ ತನಕ ಪೂರ್ತಿ ಒತ್ತಿ ಓಡಿಸುವ ಜಾಗ ಎಲ್ಲಾದರೂ ಸಿಕ್ಕಿತೇ? ನಮ್ಮ ರಸ್ತೆಗಳಲ್ಲಿ ಓಡಿಸುವ ಸುಖವೆಲ್ಲ ಗಂಟೆಗೆ ಮೂವತ್ತರಿಂದ ಎಂಬತ್ತು ಕಿಲೋಮೀಟರಿನ ನಡುವೆಯೇ ಇದೆ. ಎರಡನೇ ಗೇರಿನಲ್ಲಿ ತಿರುವು ದಾಟಿ ಮೂರಕ್ಕೆ ಹಾಕಿದಾಗ ಗಾಡಿ ಎಳೆಯಬೇಕು. ಸ್ಟೇರಿಂಗ್ ತಿರುಗಿಸಿದಷ್ಟೇ ಮೂತಿ ತಿರುಗಬೇಕು. ಬ್ರೇಕ್ ಪೆಡಲ್ ಎಷ್ಟು ಒತ್ತಿದರೆ ಎಷ್ಟು ಹಿಡಿಯುತ್ತದೆ ಎಂದು ಕಾಲಿಗೆ ಗೊತ್ತಾಗಬೇಕು. ಬೇಲೂರು ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡು, ಎದುರಿನ ರಸ್ತೆ ಖಾಲಿ ಕಂಡ ಆ ನಾಲ್ಕು ಸೆಕೆಂಡಿನಲ್ಲಿ ಕಾರು ನಿಮ್ಮ ಮಾತು ಕೇಳುತ್ತದೆಯೇ? ನಾನು ಕಾರು ಅಳೆಯುವುದು ಇದರಲ್ಲೇ.

ಸ್ವಿಫ್ಟಿನ ವಿಷಯ. 2005ರಲ್ಲಿ ಬಂದಾಗಿನಿಂದ ನಮ್ಮ ಮಧ್ಯಮ ವರ್ಗದ ಹುಡುಗರಿಗೆ ಓಡಿಸುವ ರುಚಿ ಹತ್ತಿಸಿದ ಕಾರು ಇದು. ನನ್ನ ಹಳೆಯದು ನಾಲ್ಕು ಸಿಲಿಂಡರಿನದು, 6000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ತನಕ ಹಾಡುತ್ತಾ ಹೋಗುತ್ತಿತ್ತು. 2024ರ ಮೇ ತಿಂಗಳಲ್ಲಿ ಬಂದ ಹೊಸ ಸ್ವಿಫ್ಟಿಗೆ ಮೂರು ಸಿಲಿಂಡರಿನ ಝಡ್ ಸರಣಿಯ ಎಂಜಿನ್, 82 ಪಿಎಸ್, ಎಳೆಯುವ ಬಲ 112 ಎನ್‌ಎಂ. ಮೈಲೇಜ್ ಮ್ಯಾನ್ಯುಯಲ್‌ಗೆ ಲೀಟರಿಗೆ 24.8 ಎಂದು ಕಂಪನಿ ಹೇಳುತ್ತದೆ. ಸಿಟಿಯಲ್ಲಿ ಕೆಳಗಿನ ಆರ್‌ಪಿಎಂನಲ್ಲೇ ಚುರುಕಾಗಿ ಎಳೆಯುತ್ತದೆ, ಕ್ಲಚ್ ಹೂವಿನಷ್ಟು ಹಗುರ. ಗಾಡಿಯ ತೂಕ ಒಂದು ಟನ್‌ಗಿಂತ ಕಡಿಮೆ ಇರುವುದರಿಂದ ಹೆಬ್ಬಾಳದ ಸಂದಿಯಲ್ಲೂ ಮೂತಿ ಥಟ್ಟನೆ ತಿರುಗುತ್ತದೆ. ಆ ಹಗುರತನವೇ ಅದರ ಮಜಾ. ಆದರೆ ಮೇಲಿನ ಆರ್‌ಪಿಎಂನಲ್ಲಿ ಹಳೆಯ ಎಂಜಿನ್ನಿನ ಹುರುಪು ಇದರಲ್ಲಿಲ್ಲ. ನಾಲ್ಕು ಜನ, ತುಂಬಿದ ಡಿಕ್ಕಿ, ಎಸಿ ಹಾಕಿಕೊಂಡು ಚಾರ್ಮಾಡಿ ಹತ್ತುವಾಗ ಕಡಿದಾದ ತಿರುವುಗಳಲ್ಲಿ ಮೊದಲ ಗೇರಿಗೆ ಇಳಿಯಲೇಬೇಕು, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಕೊಡುವ ಟರ್ಬೊ ಇಲ್ಲದ ಕೊರತೆ ಅಲ್ಲಿ ಕಾಣುತ್ತದೆ. 2018ರ ಮಾಡೆಲ್‌ನಲ್ಲಿ ಹಿಂಬಾಗಿಲಿನ ಹಿಡಿ ಮೇಲೆ ಕಂಬದಲ್ಲಿತ್ತು, ಮಕ್ಕಳಿಗೆ ಎಟುಕುತ್ತಿರಲಿಲ್ಲ. ಹೊಸದರಲ್ಲಿ ಮತ್ತೆ ಬಾಗಿಲಿಗೇ ತಂದಿದ್ದಾರೆ, ಒಳ್ಳೆಯ ಕೆಲಸ. ಡಿಕ್ಕಿ 265 ಲೀಟರ್ ಮಾತ್ರ. ಊರಿನಿಂದ ಬರುವಾಗ ತೆಂಗಿನಕಾಯಿ ಚೀಲ, ಅಕ್ಕಿ, ಎರಡು ಹಲಸಿನಹಣ್ಣು ಎಂದು ಅಮ್ಮ ಕಟ್ಟಿಕೊಟ್ಟರೆ ಬಟ್ಟೆಯ ಬ್ಯಾಗು ಕಾಲಡಿಗೆ ಬರುತ್ತದೆ.

ವಿದೇಶದಲ್ಲಿ ಹಿಂದಿನ ತಲೆಮಾರಿನ ಸ್ವಿಫ್ಟಿಗೆ 1.4 ಟರ್ಬೊ ಹಾಕಿ ಸ್ವಿಫ್ಟ್ ಸ್ಪೋರ್ಟ್ ಎಂದು ಮಾರಿದರು. ನಮಗದು ಸಿಗಲೇ ಇಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ಕಾರಣ ತೆರಿಗೆಯಲ್ಲಿದೆ. 2006ರ ಬಜೆಟ್ಟಿನಿಂದ ನಾಲ್ಕು ಮೀಟರ್ ಒಳಗಿನ ಉದ್ದ, 1200 ಸಿಸಿ ಒಳಗಿನ ಪೆಟ್ರೋಲ್ ಎಂಜಿನ್ ಇದ್ದರೆ ಸಣ್ಣ ಕಾರು ಎಂದು ಕಡಿಮೆ ತೆರಿಗೆ. ಈಗಿನ ಜಿಎಸ್‌ಟಿಯಲ್ಲೂ ಅದೇ ಗೆರೆ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಶೇ 18, ಗೆರೆ ದಾಟಿದರೆ ಶೇ 40. ಫಿಯೆಟ್ ಪುಂಟೊ ಅಬಾರ್ಥ್ 2015ರಲ್ಲಿ 1.4 ಲೀಟರ್ ಟರ್ಬೊ ಹೊತ್ತು ಬಂತು. ಆದರೆ ಉದ್ದ ಕಡಿಮೆಯಿದ್ದರೂ ಸಿಸಿ ಹೆಚ್ಚೆಂದು ದೊಡ್ಡ ಕಾರಿನ ತೆರಿಗೆ ಹೊತ್ತಿತು. ನಿಮ್ಮ ಪಟ್ಟಿಯ ಟರ್ಬೊಗಳೆಲ್ಲ 1.0 ಅಥವಾ 1.2 ಲೀಟರಿನವೇ ಆಗಿರುವುದು ಇದಕ್ಕೇ. ಚಿಕ್ಕ ಎಂಜಿನ್ನಿಗೆ ಟರ್ಬೊ ಕಟ್ಟಿದರೆ ಶಕ್ತಿ ಬರುತ್ತದೆ, ಆದರೆ ಟರ್ಬೊ ಎಚ್ಚರಗೊಳ್ಳುವ ತನಕ ಅದು ಬರೀ ಚಿಕ್ಕ ಎಂಜಿನ್ನೇ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಐ20 ಎನ್ ಲೈನ್ 2021ರಲ್ಲಿ ಬಂತು. 1.0 ಲೀಟರ್ ಟರ್ಬೊ, 120 ಪಿಎಸ್, 172 ಎನ್‌ಎಂ. ಮೊದಲು ಕ್ಲಚ್ ಪೆಡಲ್ ಇಲ್ಲದ ಐಎಂಟಿ ಕೊಟ್ಟಿದ್ದರು, 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದು ಸರಿಯಾದ ಮೂರು ಪೆಡಲ್‌ನ ಮ್ಯಾನ್ಯುಯಲ್ ಕೊಟ್ಟರು. ನಾನು ಕಾಯುತ್ತಿದ್ದದ್ದೇ ಅದಕ್ಕೆ. ಸಾಮಾನ್ಯ ಐ20ಗಿಂತ ಸಸ್ಪೆನ್ಶನ್ ಬಿಗಿ, ಸ್ಟೇರಿಂಗ್ ತೂಕ ಹೆಚ್ಚು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಈ ಬ್ರೇಕಿನ ಬೆಲೆ ಚಾರ್ಮಾಡಿ ಇಳಿಯುವಾಗ ತಿಳಿಯುತ್ತದೆ. ಮಳೆಗಾಲದಲ್ಲಿ ಮಂಜಿನ ನಡುವೆ ಲಾರಿಯೊಂದು ತಿರುವಿನಲ್ಲಿ ಎದುರಾದಾಗ ಪೆಡಲ್ ಕೊಡುವ ಭರವಸೆಯೇ ದೊಡ್ಡದು.

ಹತ್ತುವಾಗ ಮಾತ್ರ ಕಲಿಯಬೇಕಾದದ್ದು ಇದೆ. ಹಳೆಯ ಸ್ವಿಫ್ಟಿನ ಅಭ್ಯಾಸದಲ್ಲಿ ನಾನು ತಿರುವಿಗೆ ಎರಡನೇ ಗೇರಿನಲ್ಲಿ ನಿಧಾನವಾಗಿ ನುಗ್ಗಿ ಆಮೇಲೆ ಆಕ್ಸಿಲರೇಟರ್ ಒತ್ತುತ್ತಿದ್ದೆ. ಆರ್‌ಪಿಎಂ 1800ಕ್ಕಿಂತ ಕೆಳಗಿದ್ದರೆ ಕಾರು ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಎಳೆಯುತ್ತಿತ್ತು. ಹಿಂದೆ ಕೂತ ನನ್ನ ಅಮ್ಮನಿಗೆ ಮೊದಲ ಎರಡು ಸಲ ವಾಂತಿ ಬಂದದ್ದು ಈ ಎಳೆತದಿಂದಲೇ. ತಿರುವಿನ ಮೊದಲೇ ಗೇರ್ ಇಳಿಸಿ, ಆರ್‌ಪಿಎಂ ಎರಡು ಸಾವಿರದ ಮೇಲೆ ಹಿಡಿದು, ಆಕ್ಸಿಲರೇಟರನ್ನು ಮೆಲ್ಲಗೆ ಒತ್ತುತ್ತಾ ತಿರುವಿನಿಂದ ಹೊರಬರುವುದು ಕಲಿತ ಮೇಲೆ ಕಾರು ನೀರಿನಂತೆ ಹರಿಯಿತು. ಆ ಕಲಿಕೆಯಲ್ಲೇ ನನಗೆ ಅತಿ ಹೆಚ್ಚು ಖುಷಿ ಸಿಕ್ಕಿದ್ದು. ಈಗ ಅಮ್ಮ ಕೊಟ್ಟಿಗೆಹಾರದಿಂದ ಕೆಳಗೆ ಇಳಿಯುವ ತನಕ ನಿದ್ದೆ ಮಾಡುತ್ತಾರೆ.

ಇದರ ಕಷ್ಟಗಳನ್ನೂ ಹೇಳಬೇಕು. ಸಿಟಿಯಲ್ಲಿ ನನಗೆ ಲೀಟರಿಗೆ 11ರಿಂದ 12, ಹೆದ್ದಾರಿಯಲ್ಲಿ ಹಗುರ ಕಾಲಿನಲ್ಲಿ 17. ಟ್ಯಾಂಕ್ 37 ಲೀಟರಿನದು, ಹಾಗಾಗಿ ಬಂಕಿಗೆ ಹೋಗುವುದು ಜಾಸ್ತಿ. ಬಿಗಿ ಸಸ್ಪೆನ್ಶನ್ ನಿಧಾನ ವೇಗದಲ್ಲಿ ಗುಂಡಿಗಳನ್ನು ಎಣಿಸಿ ತೋರಿಸುತ್ತದೆ. 195/55 ಆರ್16 ಟೈರಿನ ಪಕ್ಕದ ಗೋಡೆ ಗಿಡ್ಡ. ಕಳೆದ ವರ್ಷ ಜುಲೈನಲ್ಲಿ ಮೂಡಿಗೆರೆಯ ಹತ್ತಿರ ನೀರು ತುಂಬಿದ ಗುಂಡಿ ಕಾಣದೆ ಇಳಿಸಿಬಿಟ್ಟೆ, ಟೈರಿನ ಪಕ್ಕ ಮೊಟ್ಟೆಯಂತೆ ಉಬ್ಬಿತು. ಅದು ಪಂಕ್ಚರ್ ಹಾಕಿ ಸರಿಪಡಿಸುವಂಥದ್ದಲ್ಲ, ಟೈರೇ ಬದಲಿಸಬೇಕಾಯಿತು. ಮಲೆನಾಡಿನ ಮಳೆಯಲ್ಲಿ ನೀರು ನಿಂತಿದ್ದರೆ ವೇಗ ಇಳಿಸಿ, ದಯವಿಟ್ಟು. ಇನ್ನೊಂದು, ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ 2022ರಲ್ಲಿ ಎರಡು ಏರ್‌ಬ್ಯಾಗಿನ ಐ20ಗೆ ಕೊಟ್ಟದ್ದು ಐದಕ್ಕೆ ಮೂರು ಸ್ಟಾರ್. ಈಗ ಆರು ಏರ್‌ಬ್ಯಾಗ್ ಬರುತ್ತವೆ, ಆದರೂ ತಿಳಿದುಕೊಂಡು ಕೊಳ್ಳಿ.

ಸುರಕ್ಷತೆಯೇ ಮೊದಲು ಎನ್ನುವವರಾದರೆ ಆಲ್ಟ್ರೋಝ್. 2020ರ ಜನವರಿಯಲ್ಲೇ ಅದಕ್ಕೆ ಐದು ಸ್ಟಾರ್ ಬಂತು. ರೇಸರ್ 2024ರ ಜೂನ್‌ನಲ್ಲಿ ಬಂದದ್ದು, 1.2 ಟರ್ಬೊ, 120 ಪಿಎಸ್, 170 ಎನ್‌ಎಂ, 6 ಗೇರು. ಹೆದ್ದಾರಿಯಲ್ಲಿ ರಸ್ತೆಗೆ ಅಂಟಿಕೊಂಡಂತೆ ಹೋಗುತ್ತದೆ, ಬಾಗಿಲು ಮುಚ್ಚುವ ಸದ್ದಿನಲ್ಲೇ ತೂಕ ತಿಳಿಯುತ್ತದೆ. ನಿಮ್ಮ ಅಮ್ಮನಿಗೆ ಇದರಷ್ಟು ಅನುಕೂಲದ ಬಾಗಿಲು ಬೇರೆ ಯಾವುದರಲ್ಲೂ ಇಲ್ಲ. ಪೂರ್ತಿ 90 ಡಿಗ್ರಿ ತೆರೆಯುತ್ತದೆ, ಮಂಡಿನೋವಿನವರು ಮೊದಲು ಕೂತು ಆಮೇಲೆ ಕಾಲು ಒಳಗಿಡಬಹುದು. ಡಿಕ್ಕಿ 345 ಲೀಟರ್, ನಾಲ್ಕರಲ್ಲಿ ಅದೇ ದೊಡ್ಡದು. ಆದರೆ ಗೇರ್ ಹಾಕುವಾಗ ಐ20ಯ ನುಣುಪು ಇಲ್ಲ, ಕ್ಲಚ್ ಭಾರ. ಗೆಳೆಯನ ಕಾರನ್ನು ಸಿಲ್ಕ್ ಬೋರ್ಡ್ ಜಾಮಿನಲ್ಲಿ ಒಂದು ಸಂಜೆ ಓಡಿಸಿ ಮನೆಗೆ ಬಂದಾಗ ಎಡಗಾಲಿನ ಮೀನಖಂಡ ಹಿಡಿದಿತ್ತು. ಘಾಟಿಯಲ್ಲಿ ಖುಷಿ ಕೊಟ್ಟ ಗಾಡಿ ದಿನವೂ ಹಾಗೆ ಬಳಲಿಸಿದರೆ ಆರು ತಿಂಗಳಲ್ಲಿ ಅದರ ಮೇಲಿನ ಪ್ರೀತಿ ಕರಗುತ್ತದೆ.

ಪೋಲೊ ವಿಷಯದಲ್ಲಿ ನಾನು ಸ್ವಲ್ಪ ಭಾವುಕ. ಹತ್ತು ವರ್ಷಕ್ಕೂ ಮೀರಿ ನಮ್ಮಲ್ಲಿ ಮಾರಾಟವಾಗಿ 2022ರಲ್ಲಿ ನಿಂತುಹೋದ ಕಾರು. ಎಂಬತ್ತರ ವೇಗದಲ್ಲಿ ಉದ್ದ ತಿರುವಿಗೆ ಇಳಿಸಿದಾಗ ಅದು ಕೊಡುವ ನೆಮ್ಮದಿ ನನ್ನ ಐ20ಯಲ್ಲೂ ಇಲ್ಲ, ಒಪ್ಪಿಕೊಳ್ಳುತ್ತೇನೆ. ಕೊಳ್ಳುವುದಾದರೆ ಒಂದು ವ್ಯತ್ಯಾಸ ಗಮನಿಸಿ. 2013ರಲ್ಲಿ ಬಂದ ಜಿಟಿ ಟಿಎಸ್‌ಐ 1.2 ಲೀಟರ್, 105 ಪಿಎಸ್, ತಾನೇ ಗೇರ್ ಬದಲಿಸುವ 7 ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್. ಅದರ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಇಂಚಿಂಚು ಸರಿಯುವ ಜಾಮಿನಲ್ಲಿ ಅರ್ಧ ಹಿಡಿದು ಅರ್ಧ ಬಿಡುತ್ತಾ ಬಿಸಿಯಾಗುತ್ತದೆ, ರಿಪೇರಿ ಬಂದರೆ ದುಬಾರಿ. 2020ರ ನಂತರದ 1.0 ಟಿಎಸ್‌ಐಯಲ್ಲಿ 110 ಪಿಎಸ್, ಜೊತೆಗೆ 6 ಗೇರಿನ ಮ್ಯಾನ್ಯುಯಲ್ ಅಥವಾ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. ಇದು ಜಾಮ್ ತಾಳಿಕೊಳ್ಳುತ್ತದೆ. ಅದೇ ಬಗೆಯ 1.0 ಎಂಜಿನ್ ಅದೇ ಕಂಪನಿಯ ವರ್ಟಸ್, ಟೈಗುನ್‌ಗಳಲ್ಲೂ ಇರುವುದರಿಂದ ಎಂಜಿನ್ ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾರೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಎಂದರೆ 2020ರಿಂದ 22ರ ಒಳಗಿನದೇ ಹುಡುಕಿ. ಅಷ್ಟು ಹೇಳಿದ ಮೇಲೂ, ನಾಲ್ಕು ಜನರ ಮನೆಗೆ ನಾನು ಅದನ್ನು ಹೇಳಲಾರೆ. ಹಿಂದಿನ ಸೀಟಿನಲ್ಲಿ ಮಂಡಿಗೆ ಜಾಗವಿಲ್ಲ, ಆರು ಗಂಟೆ ಕೂತು ಹಾಸನ ದಾರಿಯಲ್ಲಿ ಬಂದವನ ಮಾತು ಇದು.

ನೀವು ಕೇಳದೆ ಬಿಟ್ಟ ಒಂದು ಕಾರು ಮಾರುತಿಯ ಫ್ರಾಂಕ್ಸ್ ಟರ್ಬೊ. 1.0 ಲೀಟರ್, 100 ಪಿಎಸ್, ನೆಲದಿಂದ 190 ಮಿ.ಮೀ. ಎತ್ತರ. ಊರಿನ ತೋಟದ ದಾರಿ ಕಲ್ಲುಮಣ್ಣಿನದಾಗಿದ್ದರೆ ಇದನ್ನೂ ನೋಡಿ. ತಿರುವಿನಲ್ಲಿ ಐ20ಯಷ್ಟು ಗಟ್ಟಿ ನಿಲ್ಲುವುದಿಲ್ಲ, ಆದರೆ ತಳ ತಾಗುವ ಭಯವಿಲ್ಲ.

ದುಡ್ಡಿನ ಲೆಕ್ಕದಲ್ಲಿ ಒಂದು ಗೆರೆ ಗಮನದಲ್ಲಿರಲಿ. ನಮ್ಮ ರಾಜ್ಯದಲ್ಲಿ ಕಾರಿನ ಬೆಲೆ ಐದರಿಂದ ಹತ್ತು ಲಕ್ಷದೊಳಗಿದ್ದರೆ ರಸ್ತೆ ತೆರಿಗೆ ಶೇ 14, ಹತ್ತು ದಾಟಿದರೆ ಶೇ 17, ಅದರ ಮೇಲೆ ಸೆಸ್ ಬೇರೆ. ಎನ್ ಲೈನ್‌ನ ಎನ್6 ಮತ್ತು ಎನ್8 ಎಂಬ ಎರಡು ಮಾಡೆಲ್‌ಗಳಲ್ಲಿ ಎಂಜಿನ್, ಸಸ್ಪೆನ್ಶನ್ ಎಲ್ಲ ಒಂದೇ. ಓಡಿಸುವ ಖುಷಿಗೆ ಕಡಿಮೆ ಬೆಲೆಯ ಎನ್6 ಸಾಕು. ಉಳಿದ ದುಡ್ಡಿನಲ್ಲಿ ಒಳ್ಳೆಯ ಟೈರ್ ಹಾಕಿಸಿ, ಸ್ಟೆಪ್ನಿಯನ್ನು ಸುಸ್ಥಿತಿಯಲ್ಲಿಡಿ.

ಟೆಸ್ಟ್ ಡ್ರೈವಿಗೆ ಒಬ್ಬರೇ ಹೋಗಬೇಡಿ. ಶೋರೂಮಿನವರು ಚಪ್ಪಟೆ ರಸ್ತೆಯಲ್ಲಿ ಎರಡು ಕಿಲೋಮೀಟರ್ ಸುತ್ತಿಸಿ ಕಳಿಸುತ್ತಾರೆ, ಅದರಲ್ಲಿ ಏನೂ ತಿಳಿಯುವುದಿಲ್ಲ. ಮನೆಯ ನಾಲ್ಕೂ ಜನ ಹತ್ತಿ, ಎಸಿ ಹಾಕಿ, ಯಾವುದಾದರೂ ಫ್ಲೈಓವರ್ ಏರಿನಲ್ಲಿ ಗಂಟೆಗೆ 20ರ ವೇಗಕ್ಕೆ ಇಳಿಸಿ ಎರಡನೇ ಗೇರಿನಲ್ಲೇ ಒತ್ತಿ ನೋಡಿ. ಆಮೇಲೆ ಒಂದು ಹಂಪಿನ ಮೇಲೆ ಸ್ವಲ್ಪ ಬೇಗ ಹತ್ತಿಸಿ, ಹಿಂದೆ ಕೂತ ಅಮ್ಮನ ಮುಖ ಕನ್ನಡಿಯಲ್ಲಿ ನೋಡಿ. ಅವರು ಮುಖ ಕಿವುಚಿದರೆ ಅದೇ ದಿನ ಸ್ವಿಫ್ಟ್ ಶೋರೂಮಿಗೂ ಹೋಗಿ ಬನ್ನಿ.