ನೋವಿಗೆ ಮಾತ್ರೆ, ಮನಸ್ಸಿಗೆ ಪ್ರಾರ್ಥನೆ: ಎರಡೂ ಬೇಕೇ?

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. ನೋವಿಗೆ ಡಾಕ್ಟರು ಮಾರ್ಫಿನ್ ಮಾತ್ರೆ ಬರೆದಿದ್ದಾರೆ. 'ಯೇಸುಸ್ವಾಮಿ ಶಿಲುಬೆಯಲ್ಲಿ ಪಟ್ಟದ್ದರ ಮುಂದೆ ಇದೇನು' ಎಂದು ಅತ್ತೆ ನುಂಗುವುದಿಲ್ಲ. ಚಟ ಹತ್ತೀತು, ಆಯಸ್ಸು ಕಡಿಮೆಯಾದೀತು ಎಂದು ಮನೆಯವರಿಗೂ ಭಯ.
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಶಿಲುಬೆಗೇರಿಸುವಾಗ ನೋವು ಮಂಕಾಗಲೆಂದು ಕೊಟ್ಟ, ರಕ್ತಬೋಳ (ಸುಗಂಧದ ಅಂಟು) ಬೆರೆಸಿದ ದ್ರಾಕ್ಷಾರಸವನ್ನು ಯೇಸು ಬೇಡವೆಂದದ್ದು ನಿಜ (ಮಾರ್ಕ 15:23). ಆದರೆ ತಮ್ಮ ಬಳಿ ಬಂದ ಯಾವ ರೋಗಿಗೂ ಅವರು 'ತಡೆದುಕೋ' ಎನ್ನಲಿಲ್ಲ. ಅವರು ಹೇಳಿದ ಕಥೆಯಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡ ಸಮಾರ್ಯ ಸೀಮೆಯವನು ಮೊದಲು ಮಾಡಿದ್ದೇ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟುವ ಕೆಲಸ. ಬೇರೆ ದಾರಿಯಿಲ್ಲದಾಗ ಮಾದಕ ಔಷಧದಿಂದ ನೋವು ಇಳಿಸಬಹುದು, ಅದರಿಂದ ಆಯಸ್ಸು ತುಸು ಕಡಿಮೆಯಾಗುವ ಸಂಭವವಿದ್ದರೂ ತಪ್ಪಲ್ಲ ಎಂದು ಪೋಪ್ ಹನ್ನೆರಡನೇ ಪಿಯುಸ್ 1957ರಲ್ಲೇ ವೈದ್ಯರಿಗೆ ಹೇಳಿದ್ದರು. ಸರಿಯಾದ ಅಳತೆಯಲ್ಲಿ ಕೊಟ್ಟ ಮಾರ್ಫಿನ್ ಸಾಮಾನ್ಯವಾಗಿ ಆಯಸ್ಸು ಕಡಿಮೆ ಮಾಡುವುದಿಲ್ಲ. ಕ್ಯಾನ್ಸರ್ ನೋವಿಗೆ ವೈದ್ಯರು ಹೇಳಿದಂತೆ ತೆಗೆದುಕೊಂಡವರಲ್ಲಿ ಚಟ ಹತ್ತುವುದೂ ಅಪರೂಪ.

ಹಾಗೆಂದು ಗಂಜಿಯಲ್ಲಿ ಕಲಸಿ ಕದ್ದು ಕೊಡಬೇಡಿ. ನಿರ್ಧಾರ ಅತ್ತೆಯದೇ. 'ಎರಡು ದಿನ ತಗೊಂಡು ನೋಡಿ, ಜಪಸರ ಹಿಡಿದು ಕೂರೋಕೆ ಆಗುತ್ತಾ ಅಂತ ನೋಡೋಣ' ಎಂದು ಕೇಳಿ.

ಅಳತೆ ಡಾಕ್ಟರು ಹೇಳಿದ್ದೇ ಆಗಬೇಕು. ಶುರುವಿಗೆ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ 5 ಮಿ.ಗ್ರಾಂ., ಅಂದರೆ 10ರ ಮಾತ್ರೆಯಲ್ಲಿ ಅರ್ಧ. ವಯಸ್ಸಾದವರಿಗೆ 2.5 ಸಾಕಾಗಬಹುದು. ಮೂತ್ರಪಿಂಡ ದುರ್ಬಲವಾಗಿದ್ದರೆ ಅಳತೆಯನ್ನೂ ಹೊತ್ತನ್ನೂ ಡಾಕ್ಟರೇ ಬದಲಿಸುತ್ತಾರೆ. ನೋವು ಬರಲಿ ಎಂದು ಕಾಯಬೇಡಿ, ಗಡಿಯಾರ ನೋಡಿ ಕೊಡಿ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ ಎಬ್ಬಿಸುವುದನ್ನು ತಪ್ಪಿಸಲು ಮಲಗುವಾಗಿನ ಮಾತ್ರೆಯನ್ನು ಹೆಚ್ಚಿಸಬಹುದೇ ಎಂದು ಕೇಳಿ. ನಡುವೆ ನೋವು ಚುಚ್ಚಿದರೆ ಕೊಡಲು ಹೆಚ್ಚುವರಿ ಡೋಸ್ ಬರೆಸಿಕೊಂಡಿರಿ. ಕೊಟ್ಟಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಹೊತ್ತು ಗುರುತು ಹಾಕಿ. ಈ ಹೆಚ್ಚುವರಿ ಡೋಸ್ ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಬೇಕಾದರೆ ಮಾಮೂಲಿ ಡೋಸನ್ನು ಡಾಕ್ಟರು ಏರಿಸಬೇಕೆಂದು ಅರ್ಥ.

ಹೆಚ್ಚಿನ ಮನೆಗಳಲ್ಲಿ ಎಡವುವುದು ಮಲಬದ್ಧತೆಯಲ್ಲಿ. ನಾಲ್ಕನೇ ದಿನ ಹೊಟ್ಟೆ ಬಿಗಿದು, ಊಟ ಸೇರದೆ, 'ಈ ಮಾತ್ರೆಯೇ ಬೇಡ' ಎಂದು ನಿಲ್ಲಿಸಿಬಿಡುತ್ತಾರೆ. ಮೊದಲ ದಿನದಿಂದಲೇ ಬಿಸಾಕೊಡಿಲ್‌ನಂಥ, ಮಲ ಸಲೀಸಾಗಿ ಹೋಗಿಸುವ ಮಾತ್ರೆ ಬರೆಸಿಕೊಳ್ಳಿ. ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ಇಳಿಯುತ್ತವೆ. ಎಬ್ಬಿಸಿದರೂ ಏಳದಿದ್ದರೆ, ಇಲ್ಲವೇ ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ ಮುಂದಿನ ಡೋಸ್ ಕೊಡದೆ ತಕ್ಷಣ ಆಸ್ಪತ್ರೆಗೆ ಹೋಗಿ. ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ.

ಮೂಳೆ ನೋವಿಗೆ ಒಂದೇ ಸಲದ ವಿಕಿರಣ ಚಿಕಿತ್ಸೆಯೂ ಅನೇಕರಿಗೆ ಹಿಡಿಸುತ್ತದೆ, ವಿಚಾರಿಸಿ. ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಬೆನ್ನುಹುರಿ ಒತ್ತಿದೆ ಎಂದೇ ತಿಳಿದು ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳಗಾಗಲಿ ಎಂದು ಕಾದರೆ ಹೋದ ಕಾಲಿನ ಬಲ ಮರಳದಿರಬಹುದು.

ಡೋಸ್ ಏರಿಸಿದರೂ ನೋವು ಇಳಿಯುತ್ತಿಲ್ಲವೇ? ನರ್ಸ್ ಆಗಿ, ಸಮಾಜ ಕಾರ್ಯಕರ್ತೆಯಾಗಿ, ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಗುಣವಾಗದ ರೋಗಿಗಳ ಆರೈಕೆ ಮನೆ) ತೆರೆದರು. ಅವರ ಕ್ರೈಸ್ತ ವಿಶ್ವಾಸವೇ ಆ ಕೆಲಸದ ಬೇರು. ನೋವು ದೇಹದ್ದಷ್ಟೇ ಅಲ್ಲ, ಮನಸ್ಸು, ಸಂಸಾರ, ಆತ್ಮ ಎಲ್ಲವೂ ಅದರಲ್ಲಿ ಸೇರಿದೆ ಎಂದು ತೋರಿಸಿಕೊಟ್ಟವರು ಅವರು. ರಾತ್ರಿ ಹೊತ್ತು ನೋವು ಹೆಚ್ಚುತ್ತಿದ್ದರೆ ಪಕ್ಕದಲ್ಲಿ ಕೂತು 'ಮನಸ್ಸಿಗೆ ಏನು ಕಾಡ್ತಾ ಇದೆ?' ಎಂದು ಕೇಳಿ. ಆಸ್ಪತ್ರೆ ಸಾಲದ ಚಿಂತೆ ಇರಬಹುದು, ಮಾತು ಬಿಟ್ಟ ತಮ್ಮನ ನೆನಪಿರಬಹುದು. 'ಯಾವ ಪಾಪಕ್ಕೆ ಇದು' ಎಂದರೆ ಯೋವಾನ್ನ 9:3 ಓದಿ ಹೇಳಿ: ಹುಟ್ಟುಕುರುಡನ ಬಗ್ಗೆ ಶಿಷ್ಯರು ಅದನ್ನೇ ಕೇಳಿದಾಗ, ಇವನ ಪಾಪವೂ ಅಲ್ಲ, ತಂದೆತಾಯಿಯ ಪಾಪವೂ ಅಲ್ಲ ಎಂದರು ಯೇಸು.

ಪ್ರಶ್ನೆ: ಅಭ್ಯಂಗಕ್ಕೆ (ರೋಗಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ಸಂಸ್ಕಾರಕ್ಕೆ) ಫಾದರ್ ಬಂದರೆ ರೋಗಿ 'ನನ್ನ ಕಾಲ ಮುಗೀತು' ಎಂದು ಹೆದರುವುದಿಲ್ಲವೇ? ಯಾವಾಗ ಕರೆಯಬೇಕು?
– ಕಥೋಲಿಕ ಓದುಗರು, ಶಿವಮೊಗ್ಗ

ಉತ್ತರ: ಪ್ರಜ್ಞೆ ತಪ್ಪಿದ ಮೇಲೆ ಕರೆಯುವ ರೂಢಿಯೇ ಈ ಹೆದರಿಕೆಗೆ ಕಾರಣ. ಇದು ರೋಗಿಗಳ ಸಂಸ್ಕಾರ, ಬರೀ ಸಾಯುವವರದ್ದಲ್ಲ. ಕಾಯಿಲೆ ಗಂಭೀರ ಎಂದು ತಿಳಿದಾಗ ಅಥವಾ ದೊಡ್ಡ ಆಪರೇಷನ್ನಿಗೆ ಮುಂಚೆ ಪಡೆಯಬಹುದು. ಕಾಯಿಲೆ ಹೆಚ್ಚಾದರೆ ಮತ್ತೊಮ್ಮೆಯೂ ಪಡೆಯಬಹುದು. ರೋಗಿ ಎಚ್ಚರವಾಗಿರುವ ಹೊತ್ತು ನೋಡಿ ಫಾದರ್‌ಗೆ ಹೇಳಿ. ಪಾಪನಿವೇದನೆಗೆ ಎಲ್ಲರೂ ಕೋಣೆಯಿಂದ ಹೊರಗಿರಿ. ನುಂಗಲು ಕಷ್ಟವಿದ್ದರೆ ಮೊದಲೇ ತಿಳಿಸಿ. ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ) ಚಿಕ್ಕ ಚೂರನ್ನು ಕೊಡುತ್ತಾರೆ. ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಷ್ಟೇ ಕೊಡಲು ಅವಕಾಶವಿದೆ.

ಪ್ರಶ್ನೆ: ನಾನು ನರ್ಸ್. ಬೇರೆ ಧರ್ಮದ ರೋಗಿಗಳ ಜೊತೆ ಪ್ರಾರ್ಥಿಸಬಹುದೇ?
– ಓದುಗರು, ಮಂಗಳೂರು

ಉತ್ತರ: ಅವರೇ ಕೇಳಿದರೆ, ಆಸ್ಪತ್ರೆಯ ನಿಯಮ ಒಪ್ಪಿದರೆ ಮಾಡಿ. ನೀವಾಗಿ ಮುಂದಾಗಬೇಡಿ. ಹಾಸಿಗೆಯಲ್ಲಿರುವ ರೋಗಿಗೆ ನರ್ಸಿನ ಮಾತಿಗೆ ಬೇಡ ಎನ್ನುವ ಧೈರ್ಯ ಇರುವುದಿಲ್ಲ. 'ನಿಮ್ಮ ಕಡೆಯವರು ಯಾರನ್ನಾದರೂ ಕರೆಸಲೇ?' ಎಂದು ಕೇಳಿ. ಪೂಜಾರಿಯೋ ಮೌಲ್ವಿಯೋ ಬಂದಾಗ ಡ್ರೆಸ್ಸಿಂಗ್, ಸ್ನಾನ ಮುಗಿಸಿ, ನೋವಿನ ಮಾತ್ರೆ ಅರ್ಧ ಗಂಟೆ ಮೊದಲೇ ಕೊಟ್ಟು, ಪರದೆ ಎಳೆದು ಹತ್ತು ನಿಮಿಷ ಬಿಟ್ಟುಕೊಡಿ.