ವಾಲ್ವ್ ಡ್ಯಾಕ್: ಕೊಳ್ಳುವ ಮುನ್ನ, ಕೊಂಡ ಮೇಲೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವಾಲ್ವ್ (ಹಳೆ ರೇಡಿಯೋಗಳಲ್ಲಿದ್ದಂಥ ಗಾಜಿನ ನಿರ್ವಾತ ಕೊಳವೆ) ಇರುವ ಡ್ಯಾಕ್‌ಗಳ ಬಗ್ಗೆ. ಮೊಬೈಲು, ಲ್ಯಾಪ್‌ಟಾಪು, ಸಿಡಿ ಪ್ಲೇಯರುಗಳಿಂದ ಬರುವ ಡಿಜಿಟಲ್ ಸಿಗ್ನಲ್ಲನ್ನು ಆಂಪ್ಲಿಫೈಯರಿಗೆ ಬೇಕಾದ ಅನಲಾಗ್ ರೂಪಕ್ಕೆ ತರುವ ಪೆಟ್ಟಿಗೆಗಳಿವು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ವಾಲ್ವ್ ಡ್ಯಾಕ್‌ನಲ್ಲಿ ಡಿಜಿಟಲ್‌ನಿಂದ ಅನಲಾಗ್‌ಗೆ ಬದಲಿಸುವುದು ವಾಲ್ವೇನಾ? ಅದರಿಂದಲೇ ‘ವಾರ್ಮ್ ಸೌಂಡ್’ ಬರುತ್ತದೆ ಅನ್ನುತ್ತಾರೆ, ನಿಜವೇ? (ಶಿವಮೊಗ್ಗ)

ಉತ್ತರ: ಅಲ್ಲ. ಬದಲಿಸುವ ಕೆಲಸ ಪೂರ್ತಿ ಐಸಿಯದು. ಪಿಸಿಎಂ1794, ಎಕೆ4490, ಹಳೆಯ ಫಿಲಿಪ್ಸ್ ಟಿಡಿಎ1543, ಇಂಥ ಯಾವುದಾದರೂ ಒಂದು ಚಿಪ್ ಒಳಗೆ ಇದ್ದೇ ಇರುತ್ತದೆ. ಅದರಿಂದ ಹೊರಬಂದ ಅನಲಾಗ್ ಸಿಗ್ನಲ್ಲನ್ನು ಹಿಗ್ಗಿಸಿಯೋ, ಬರೀ ಬಫರ್ ಮಾಡಿಯೋ (ಹಿಗ್ಗಿಸದೆ, ಮುಂದಿನ ಉಪಕರಣವನ್ನು ನಡೆಸುವ ಬಲವನ್ನಷ್ಟೇ ಕೊಟ್ಟು) ಹಿಂಬದಿಯ ಆರ್‌ಸಿಎ ಸಾಕೆಟ್ಟಿಗೆ ತಲುಪಿಸುವುದಷ್ಟೇ ವಾಲ್ವಿನ ಪಾಲು.

‘ವಾರ್ಮ್’ ಅನ್ನುವುದು ಪೂರಾ ಕಟ್ಟುಕಥೆಯಲ್ಲ. ಪಿಸಿಎಂ1794ರ ಡೇಟಾಶೀಟಿನಲ್ಲಿ ಡಿಸ್ಟಾರ್ಷನ್ (ಮೂಲದಲ್ಲಿಲ್ಲದ ಸದ್ದು ಸೇರುವ ಪ್ರಮಾಣ) 0.0004% ಎಂದಿದೆ. ಅದರ ಮುಂದೆ ಕೂತ ಒಂದು ಟ್ರಯೋಡು (ಮೂರು ಎಲೆಕ್ಟ್ರೋಡಿನ ವಾಲ್ವ್) 2 ವೋಲ್ಟ್ ಸಿಗ್ನಲ್ ಕೊಡುವಾಗ 0.1%ರ ಆಸುಪಾಸಿನಲ್ಲಿದ್ದರೆ ಅಚ್ಚರಿಯೇನಿಲ್ಲ. ಅಂದರೆ ಮೂಲ ಸ್ವರಕ್ಕಿಂತ 60 ಡೆಸಿಬೆಲ್ ಕೆಳಗೆ. ಅದರಲ್ಲಿ ದೊಡ್ಡ ಪಾಲು ಎರಡನೇ ಹಾರ್ಮೋನಿಕ್: ಮಧ್ಯ ಸ್ಥಾಯಿಯ ಸಾ ನುಡಿಸಿದರೆ ತಾರ ಸ್ಥಾಯಿಯ ಸಾ ಅದರ ಜೊತೆ ತೀರಾ ಸಣ್ಣಗೆ ಸೇರಿಕೊಳ್ಳುತ್ತದೆ. ಅಪಸ್ವರವಲ್ಲವಾದ್ದರಿಂದ ಕಿವಿಗೆ ಹಿತವೇ ಅನ್ನಿಸಬಹುದು. ಆದರೆ ರೆಕಾರ್ಡಿಂಗ್ ಇದ್ದದ್ದು ಇದ್ದ ಹಾಗೇ ಬರಬೇಕು ಅನ್ನುವವರಿಗೆ ವಾಲ್ವ್ ಇಲ್ಲದ ಡ್ಯಾಕೇ ಸರಿ, ಅದು ಅಗ್ಗವೂ ಹೌದು. ವಾಲ್ವ್ ಇರುವುದೇ ಬೇಕೆಂದರೆ ಡಬ್ಬದ ಮೇಲಿನ ‘32 ಬಿಟ್’ ನೋಡಿ ದುಡ್ಡು ಕೊಡಬೇಡಿ. ಪವರ್ ಸಪ್ಲೈ ಹೇಗಿದೆ, ಔಟ್‌ಪುಟ್ ಹಂತ ಹೇಗಿದೆ ನೋಡಿ ಕೊಡಿ. ಮುಂದಿನ ಪತ್ರಗಳಲ್ಲಿರುವ ದೂರುಗಳೆಲ್ಲ ಬಹುತೇಕ ಇವೆರಡರಿಂದಲೇ ಹುಟ್ಟಿದವು.

ಪ್ರಶ್ನೆ: ಜಾಹೀರಾತಿನಲ್ಲಿ 24 ಬಿಟ್, 192 ಕಿಲೋಹರ್ಟ್ಸ್ ಎಂದಿತ್ತು. ಲ್ಯಾಪ್‌ಟಾಪಿನಲ್ಲಿ 48ಕ್ಕಿಂತ ಮೇಲೆ ಹೋಗುತ್ತಿಲ್ಲ. (ತುಮಕೂರು)

ಉತ್ತರ: ಯುಎಸ್‌ಬಿ ಕಡೆಗೆ ಪಿಸಿಎಂ2704 ಚಿಪ್ ಹಾಕಿರಬೇಕು. ಅದರ ಮಿತಿಯೇ 16 ಬಿಟ್, 48 ಕಿಲೋಹರ್ಟ್ಸ್. ಜಾಹೀರಾತಿನ ಅಂಕಿ ಆಪ್ಟಿಕಲ್, ಕೋಯಾಕ್ಸಿಯಲ್ ಇನ್‌ಪುಟ್ಟಿಗೆ ಮಾತ್ರ ಅನ್ವಯಿಸುತ್ತದೆ. ಸಿಡಿ ಗುಣಮಟ್ಟದ ಹಾಡುಗಳು 44.1ರಲ್ಲೇ ಇರುವುದರಿಂದ ನಿಮಗೆ ನಷ್ಟ ಕಡಿಮೆ.

ಪ್ರಶ್ನೆ: 6ಜೆ1 ವಾಲ್ವಿನ ಪುಟ್ಟ ಡ್ಯಾಕ್ ಕೊಂಡು ಟಿಪಿಎ3116 ಆಂಪ್ಲಿಫೈಯರ್ ಬೋರ್ಡಿಗೆ ಜೋಡಿಸಿದೆ. ತಬಲಾದ ಡಗ್ಗಾ ಸಪ್ಪೆಯಾಗಿದೆ. ಹೆಡ್‌ಫೋನ್ ಜ್ಯಾಕಿನಲ್ಲಿ ಕೇಳಿದರೆ ಬಾಸ್ ಚೆನ್ನಾಗಿದೆ. ವಾಲ್ವ್ ಬದಲಿಸಲೇ? (ಹುಬ್ಬಳ್ಳಿ)

ಉತ್ತರ: ವಾಲ್ವ್ ಮುಟ್ಟಬೇಡಿ, ತಪ್ಪು ಅದರದ್ದಲ್ಲ. ವಾಲ್ವಿನ ಪ್ಲೇಟಿನ (ಒಳಗಿನ ಹೊರಸುತ್ತಿನ ಲೋಹದ ತಗಡು) ಮೇಲೆ ಡಿಸಿ ವೋಲ್ಟೇಜ್ ಕೂತಿರುತ್ತದೆ. ಅದು ಹೊರಗೆ ಹೋಗದಂತೆ ತಡೆಯಲು ವಾಲ್ವಿಗೂ ಆರ್‌ಸಿಎ ಸಾಕೆಟ್ಟಿಗೂ ನಡುವೆ ಒಂದು ಕಪ್ಲಿಂಗ್ ಕೆಪಾಸಿಟರ್ ಇರುತ್ತದೆ. ಅದು ಚಿಕ್ಕದಾಗಿದ್ದು, ಎದುರಿನ ಆಂಪ್ಲಿಫೈಯರಿನ ಇನ್‌ಪುಟ್ ಇಂಪೀಡೆನ್ಸೂ (ಸಿಗ್ನಲ್ಲಿಗೆ ಒಡ್ಡುವ ತಡೆ) ಕಡಿಮೆಯಿದ್ದರೆ ಬಾಸ್ ಅಲ್ಲೇ ಸೋರಿಹೋಗುತ್ತದೆ. ಹೆಡ್‌ಫೋನಿಗೆ ಬೇರೆ ಐಸಿಯಿಂದ ಸಿಗ್ನಲ್ ಹೋಗುವುದರಿಂದ ಅಲ್ಲಿ ತೊಂದರೆ ಕಾಣುವುದಿಲ್ಲ.

ಲೆಕ್ಕ ಸುಲಭ. ಕೆಪಾಸಿಟರನ್ನು ಮೈಕ್ರೋಫ್ಯಾರಡ್‌ನಲ್ಲೂ ಇಂಪೀಡೆನ್ಸನ್ನು ಕಿಲೋಓಮ್‌ನಲ್ಲೂ ಗುಣಿಸಿ, 159ನ್ನು ಆ ಗುಣಲಬ್ಧದಿಂದ ಭಾಗಿಸಿ. ಎಷ್ಟು ಹರ್ಟ್ಸ್‌ನಲ್ಲಿ ದನಿ 3 ಡೆಸಿಬೆಲ್ ಇಳಿದಿರುತ್ತದೆ ಎಂಬುದು ಬರುತ್ತದೆ. 0.22 ಮೈಕ್ರೋಫ್ಯಾರಡ್ ಕೆಪಾಸಿಟರ್ 10 ಕಿಲೋಓಮ್ ಇನ್‌ಪುಟ್ಟಿಗೆ ಎದುರಾದರೆ 72 ಹರ್ಟ್ಸ್. ಡಗ್ಗಾ, ಮೃದಂಗದ ತೊಪ್ಪಿ ಎರಡಕ್ಕೂ ಇಲ್ಲೇ ಪೆಟ್ಟು. ಅದೇ ಕೆಪಾಸಿಟರ್ 47 ಕಿಲೋಓಮ್ ಇರುವ ಹಳೆ ಆಂಪ್ಲಿಫೈಯರಿಗೆ ಎದುರಾದರೆ 15 ಹರ್ಟ್ಸ್, ಏನೂ ಗೊತ್ತಾಗದು. ಈ ಲೆಕ್ಕ ಕ್ಯಾಥೋಡ್ ಫಾಲೋವರ್ (ಪ್ಲೇಟಿನ ಬದಲು ವಾಲ್ವಿನ ಕ್ಯಾಥೋಡಿನಿಂದ ಸಿಗ್ನಲ್ ತೆಗೆಯುವ) ಔಟ್‌ಪುಟ್ಟಿಗೆ ಸರಿಯಾಗಿ ಹೊಂದುತ್ತದೆ. ಪ್ಲೇಟಿನಿಂದಲೇ ಸಿಗ್ನಲ್ ತೆಗೆದಿದ್ದರೆ ವಾಲ್ವಿನ ಕಡೆಯ ಕೆಲವು ಕಿಲೋಓಮನ್ನೂ ಕೂಡಿಸಬೇಕು. ಆಗ ಬಾಸ್ ಸ್ವಲ್ಪ ಉಳಿಯುತ್ತದೆ, ಬದಲಿಗೆ ಒಟ್ಟು ದನಿಯೇ ಕುಗ್ಗುತ್ತದೆ.

ಮೊದಲು ದುಡ್ಡು ಖರ್ಚಿಲ್ಲದ ದಾರಿ ನೋಡಿ. ಟಿಪಿಎ3116 ಚಿಪ್ಪಿನ ಇನ್‌ಪುಟ್ ಇಂಪೀಡೆನ್ಸ್ ಅದರ ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ) ಮೇಲೆ ನಿಂತಿದೆ: 36 ಡೆಸಿಬೆಲ್ ಗೇನ್ ಇಟ್ಟರೆ 9 ಕಿಲೋಓಮ್, 20 ಡೆಸಿಬೆಲ್‌ಗೆ ಇಳಿಸಿದರೆ 60 ಕಿಲೋಓಮ್. ಡ್ಯಾಕ್‌ನಿಂದ 2 ವೋಲ್ಟ್ ಬರುತ್ತಿರುವಾಗ 36ರ ಗೇನ್ ಬೇಕಾಗಿಯೂ ಇಲ್ಲ. ಬೋರ್ಡಿನ ಮುಂದೆ 10 ಕೆ ವಾಲ್ಯೂಮ್ ಪಾಟ್ ಇದ್ದರೆ ಅದನ್ನು 50 ಕೆಗೆ ಬದಲಿಸಿ. ಗೇನ್ ಇಳಿಸಿ ಆದ ಮೇಲೆ ಬದಲಿಸಿದರೇ ಅದರ ಪ್ರಯೋಜನ.

ಅದಾಗದಿದ್ದರೆ ಕೆಪಾಸಿಟರ್ ಬದಲಿಸಬೇಕು. ಮೈಮೇಲೆ 224 ಎಂದಿದ್ದರೆ 0.22, 474 ಎಂದಿದ್ದರೆ 0.47, 105 ಎಂದರೆ 1 ಮೈಕ್ರೋಫ್ಯಾರಡ್. ಅಲ್ಲಿ 2.2 ಮೈಕ್ರೋಫ್ಯಾರಡ್‌ನ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿ. ವೋಲ್ಟೇಜ್ ರೇಟಿಂಗ್ ಹಳೆಯದಕ್ಕಿಂತ ಕಡಿಮೆ ಇರಕೂಡದು. ಇದು ಗಾತ್ರದಲ್ಲಿ ದೊಡ್ಡದು, ಕೊಳ್ಳುವ ಮೊದಲು ಜಾಗ ಅಳೆದುಕೊಳ್ಳಿ. ಇನ್ನೂ ಬಾಸ್ ಬರಲಿ ಎಂದು 10 ಮೈಕ್ರೋಫ್ಯಾರಡ್ ತುರುಕಬೇಡಿ. ಆನ್ ಮಾಡಿದಾಗ ಅದು ನಿಧಾನವಾಗಿ ಚಾರ್ಜ್ ಆಗುತ್ತಾ ಸ್ಪೀಕರಿನ ಕೋನನ್ನು ಹೊರಕ್ಕೆ ತಳ್ಳುತ್ತದೆ. ಸಾಕೆಟ್ಟಿಗೂ ಗ್ರೌಂಡಿಗೂ ನಡುವೆ 100 ಕೆ ರೆಸಿಸ್ಟರ್ ಇದೆಯೇ ನೋಡಿ, ಇಲ್ಲದಿದ್ದರೆ ಒಂದು ಹಾಕಿ. ಕೇಬಲ್ ಸಿಕ್ಕಿಸುವಾಗ ಬರುವ ‘ಧಡ್’ ಶಬ್ದ ಇದರಿಂದ ತಗ್ಗುತ್ತದೆ.

6ಜೆ1 ಪೆಟ್ಟಿಗೆಗಳಲ್ಲಿ ವಾಲ್ವಿಗೆ ಸಾಮಾನ್ಯವಾಗಿ ಕೆಲವು ಹತ್ತು ವೋಲ್ಟ್ ಮಾತ್ರ ಕೊಟ್ಟಿರುತ್ತಾರೆ. 12ಎಯು7 ಇರುವ ದೊಡ್ಡ ಡ್ಯಾಕ್‌ಗಳಲ್ಲಿ 150ರಿಂದ 250 ವೋಲ್ಟ್ ಡಿಸಿ ಇರಬಹುದು. ಪ್ಲಗ್ ತೆಗೆದ ಮೇಲೂ ಅದು ಫಿಲ್ಟರ್ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. 10 ಕಿಲೋಓಮ್, 5 ವ್ಯಾಟಿನ ವೈರ್‌ವೂಂಡ್ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್‌ಗಳಿಂದ ಅದರ ಎರಡು ತುದಿಗೆ ಹಿಡಿಸಿ. 100 ಮೈಕ್ರೋಫ್ಯಾರಡ್‌ಗೆ 5 ಸೆಕೆಂಡ್ ಸಾಕು, 10 ಎಣಿಸಿ. ಮೀಟರಿನಲ್ಲಿ ನೋಡಿಕೊಂಡೇ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಚಾಳಿ ಬೇಡ.

ಪ್ರಶ್ನೆ: ಲ್ಯಾಪ್‌ಟಾಪಿಗೆ ಯುಎಸ್‌ಬಿ ಸಿಕ್ಕಿಸಿದ ಕೂಡಲೇ ‘ಗುಂಯ್’ ಎನ್ನುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಬಂದಾಗಂತೂ ಕೇಳುವ ಹಾಗೇ ಇಲ್ಲ. (ಮಂಗಳೂರು, ಚಿತ್ರದುರ್ಗ, ಇನ್ನೂ ಮೂವರು)

ಉತ್ತರ: ಇವು ಎರಡು ಬೇರೆ ಕಾಯಿಲೆ.

ಮೊದಲನೆಯದಕ್ಕೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಗುಂಯ್ ನಿಂತರೆ ಅದು ಗ್ರೌಂಡ್ ಲೂಪ್ (ಉಪಕರಣಗಳ ಗ್ರೌಂಡುಗಳು ಎರಡು ದಾರಿಯಲ್ಲಿ ಕೂಡಿಕೊಂಡು ಆದ ಸುತ್ತು) ಅಥವಾ ಚಾರ್ಜರಿನ ಲೀಕೇಜ್. ನಿಲ್ಲದಿದ್ದರೆ ಸೆಟ್‌ಟಾಪ್ ಬಾಕ್ಸಿನಿಂದ ಆಂಪ್ಲಿಫೈಯರಿಗೆ ಹೋದ ತಂತಿ ಕಿತ್ತು ನೋಡಿ, ಕೇಬಲ್ ಟಿವಿಯ ವೈರಿನಿಂದಲೂ ಲೂಪ್ ಆಗುತ್ತದೆ. ಖಚಿತ ಪರಿಹಾರ ಆಪ್ಟಿಕಲ್ ಕೇಬಲ್. ಅದರಲ್ಲಿ ಹೋಗುವುದು ಬೆಳಕಾದ್ದರಿಂದ ಲೂಪೇ ಇರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಆಪ್ಟಿಕಲ್ ಇಲ್ಲವೆಂದರೆ ಯುಎಸ್‌ಬಿ ಐಸೊಲೇಟರ್ ಹಾಕಬಹುದು. ಆದರೆ ಎಡಿಯುಎಂ4160 ಚಿಪ್ಪಿನ ಅಗ್ಗದ ಐಸೊಲೇಟರುಗಳು 12 ಮೆಗಾಬಿಟ್‌ಗೇ ನಿಲ್ಲುತ್ತವೆ. 24 ಬಿಟ್, 96 ಕಿಲೋಹರ್ಟ್ಸ್‌ಗಿಂತ ಮೇಲೆ ಅವುಗಳಲ್ಲಿ ಹೋಗದು. ಕೆಲವು ಡ್ಯಾಕ್‌ಗಳನ್ನು ಆ ವೇಗದಲ್ಲಿ ಲ್ಯಾಪ್‌ಟಾಪು ಗುರುತೇ ಹಿಡಿಯುವುದಿಲ್ಲ. ಪ್ಲಗ್ಗಿನ ಅರ್ತ್ ಪಿನ್ ಮುರಿದು ಗುಂಯ್ ನಿಲ್ಲಿಸುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ. ಒಳಗೆ ನೂರಾರು ವೋಲ್ಟ್ ಇರುವ ಲೋಹದ ಪೆಟ್ಟಿಗೆಗೆ ಅರ್ತ್ ಇಲ್ಲವೆಂದರೆ, ಮುಂದೊಂದು ದಿನ ಅದನ್ನು ಮುಟ್ಟಿದವರ ಪ್ರಾಣಕ್ಕೆ ಕುತ್ತು.

ಯಾವ ಕೇಬಲ್ ಕಿತ್ತರೂ ಗುಂಯ್ ಹೋಗಲಿಲ್ಲವೇ? ಹಾಗಾದರೆ ಡ್ಯಾಕ್‌ನದೇ ದೋಷ. ಮೊಬೈಲಿನ ಸ್ಪೆಕ್ಟ್ರಮ್ ಆಪ್‌ನಲ್ಲಿ ನೋಡಿ: 50 ಹರ್ಟ್ಸ್ ಎದ್ದು ಕಂಡರೆ ಹೀಟರ್ (ವಾಲ್ವನ್ನು ಒಳಗಿಂದ ಕಾಯಿಸುವ ತಂತಿ) ವೈರಿಂಗ್ ಅಥವಾ ಟ್ರಾನ್ಸ್‌ಫಾರ್ಮರ್ ಕಡೆ ಅನುಮಾನ, 100 ಹರ್ಟ್ಸ್ ಆದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ.

ಇನ್ವರ್ಟರ್ ವಿಚಾರ. ಮನೆಯ ಕರೆಂಟಿನಲ್ಲಿ 230 ವೋಲ್ಟಿನ ಅಲೆಯ ತುದಿ 325 ವೋಲ್ಟ್ ಮುಟ್ಟುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ತುದಿಯೂ 230ರ ಹತ್ತಿರವೇ. ಡ್ಯಾಕ್ ಒಳಗಿನ ಫಿಲ್ಟರ್ ಕೆಪಾಸಿಟರ್ ತುಂಬಿಕೊಳ್ಳುವುದು ತುದಿಯ ವೋಲ್ಟೇಜಿಗೆ, ಹಾಗಾಗಿ ಒಳಗಿನ ಡಿಸಿ ಸುಮಾರು ಶೇ. 30 ಕುಸಿಯುತ್ತದೆ. ಹೀಟರಿಗೆ ಡಿಸಿ ಕೊಡುವ ರೆಗ್ಯುಲೇಟರ್ ಐಸಿಗೆ ಬೇಕಾದ ಎರಡು ಮೂರು ವೋಲ್ಟಿನ ಮಿಗತೆ ಸಿಗದೆ ಅದು ರಿಪಲ್ಲನ್ನು (ಡಿಸಿಯಲ್ಲಿ ಉಳಿದ ಏರಿಳಿತ) ಹಾಗೇ ಒಳಬಿಡುತ್ತದೆ. ಮೇಲಿಂದ ಅಲೆಯ ಚೂಪು ಅಂಚುಗಳ ಜರ್ರನೆ ಸದ್ದು. ಫಿಲ್ಟರ್ ಹಾಕಿ ಗುದ್ದಾಡುವುದಕ್ಕಿಂತ ಸೈನ್ ವೇವ್ ಇನ್ವರ್ಟರಿನ ಲೈನಿಗೆ ಬದಲಿಸಿ, ಇಲ್ಲವೇ ಕರೆಂಟ್ ಬರುವವರೆಗೆ ಕಾಯಿರಿ.

ಪ್ರಶ್ನೆ: ಡ್ಯಾಕ್‌ನಲ್ಲಿ 12ಎಯು7 ಇದೆ. ಹಳೆಯ ಆಂಪ್ಲಿಫೈಯರ್ ರಿಪೇರಿ ಅಂಗಡಿಯಲ್ಲಿ ಬಿಇಎಲ್‌ನ ಇಸಿಸಿ83 ಡಬ್ಬ ಒಡೆಯದ್ದೇ ಸಿಕ್ಕಿದೆ. ಹಾಕಬಹುದೇ? ಇಸಿಸಿ88 ಇನ್ನೂ ಚೆನ್ನ ಎಂದೂ ಕೇಳಿದ್ದೇನೆ. (ಮೈಸೂರು)

ಉತ್ತರ: ಬೆಂಗಳೂರಿನ ಬಿಇಎಲ್ 1961ರಲ್ಲಿ ರಿಸೀವಿಂಗ್ ವಾಲ್ವ್‌ಗಳ ತಯಾರಿಕೆ ಶುರುಮಾಡಿತು. ಬಳಸದ ಇಸಿಸಿ83 ಸಿಕ್ಕಿದ್ದು ನಿಮ್ಮ ಅದೃಷ್ಟವೇ, ಜೋಪಾನವಾಗಿಡಿ. ಆದರೆ ಈ ಡ್ಯಾಕ್‌ಗೆ ಅದು ಬೇಡ. ಇಸಿಸಿ83 ಅಂದರೆ 12ಎಎಕ್ಸ್7. ಪಿನ್ನು, ಹೀಟರು 12ಎಯು7ರ ಹಾಗೇ ಇರುವುದರಿಂದ ಹಾಕಿದರೆ ಸುಡುವುದೇನೂ ಇಲ್ಲ. ಆದರೆ ಆಂಪ್ಲಿಫಿಕೇಶನ್ 17–20 ಇರಬೇಕಾದಲ್ಲಿ 100 ಬರುತ್ತದೆ, ವಾಲ್ವಿನ ಒಳರೋಧ ಏಳೆಂಟು ಕಿಲೋಓಮ್ ಇದ್ದದ್ದು 60ರ ಆಸುಪಾಸಿಗೆ ಏರುತ್ತದೆ. ಮೊದಲ ವಾಲ್ವಿನ ಕರೆಂಟಿಗೆಂದು ಲೆಕ್ಕ ಹಾಕಿದ ರೆಸಿಸ್ಟರುಗಳ ನಡುವೆ ಇದು ಒದ್ದಾಡುತ್ತದೆ. ದನಿ ಒಡೆಯುತ್ತದೆ. ಫೋನೋ ಪ್ರೀ-ಆಂಪ್ಲಿಫೈಯರ್ ಕಟ್ಟಿದರೆ ಅದಕ್ಕೆ ಇಸಿಸಿ83 ಹೇಳಿ ಮಾಡಿಸಿದ ವಾಲ್ವು.

ಇಸಿಸಿ88ರ ಕಥೆ ಅಪಾಯದ್ದು. 6ಡಿಜೆ8 ಅನ್ನುವುದೂ ಅದನ್ನೇ. ಅದರ ಹೀಟರ್ 6.3 ವೋಲ್ಟ್, 4 ಮತ್ತು 5ನೇ ಪಿನ್ನುಗಳ ನಡುವೆ. 12ಎಯು7 ಸಾಕೆಟ್ಟಿನಲ್ಲಿ ಅದೇ ಪಿನ್ನುಗಳಿಗೆ 12.6 ವೋಲ್ಟ್ ಕೊಟ್ಟಿದ್ದರೆ ಹೀಟರ್ ಫಳ್ಳನೆ ಹೊಳೆದು ಸುಟ್ಟುಹೋಗುತ್ತದೆ. 9ನೇ ಪಿನ್ ಬಳಸಿ 6.3 ಕೊಟ್ಟಿದ್ದರೆ ಹೀಟರ್ ಬಿಸಿಯಾಗುವುದೇ ಇಲ್ಲ, ಏಕೆಂದರೆ ಇಸಿಸಿ88ರ 9ನೇ ಪಿನ್ ಬರೀ ಶೀಲ್ಡ್. ಜೊತೆಗೆ 6ಡಿಜೆ8ರ ಪ್ಲೇಟ್ 130 ವೋಲ್ಟ್ ಮೀರಬಾರದು. ಇಸಿಸಿ88 ಇದ್ದ ಜಾಗಕ್ಕೆ ರಷ್ಯನ್ 6ಎನ್1ಪಿ ಹಾಕುವವರೂ ಇದ್ದಾರೆ. ಪಿನ್ ಹೊಂದುತ್ತದೆ, ಆದರೆ ಅದರ ಹೀಟರ್ 600 ಮಿಲಿಆಂಪ್ ಎಳೆಯುತ್ತದೆ, ಇಸಿಸಿ88 ಎಳೆಯುವುದು 365. ಟ್ರಾನ್ಸ್‌ಫಾರ್ಮರ್ ಕೈ ಇಡಲಾಗದಷ್ಟು ಕಾದರೆ ತೆಗೆದುಬಿಡಿ.

ಪ್ರಶ್ನೆ: ಮಗ ಅಮೆರಿಕದಿಂದ ತಂದ ಡ್ಯಾಕ್ ಮೇಲೆ 120 ವೋಲ್ಟ್ ಎಂದಿದೆ. (ಧಾರವಾಡ)

ಉತ್ತರ: ನೇರ ಸಿಕ್ಕಿಸಬೇಡಿ. ಪುಣ್ಯವಿದ್ದರೆ ಫ್ಯೂಸ್ ಮಾತ್ರ ಹೋದೀತು, ಇಲ್ಲದಿದ್ದರೆ ಹೀಟರು, ಫಿಲ್ಟರ್ ಕೆಪಾಸಿಟರು ಎಲ್ಲ ಹೋಗುತ್ತವೆ. ಒಳಗಿನ ಟ್ರಾನ್ಸ್‌ಫಾರ್ಮರಿನ ಮೇಲೆ 0-115 ಎರಡು ಸಲ ಬರೆದಿದ್ದರೆ ಎರಡು ಪ್ರೈಮರಿಗಳನ್ನು ಸೀರೀಸ್ ಮಾಡಿಸಿ, ಫ್ಯೂಸ್ ಅರ್ಧ ಆಂಪಿಯರ್‌ನದು ಹಾಕಿಸಿ. ಒಂದೇ ಪ್ರೈಮರಿ ಇದ್ದರೆ 50 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಕು, ಆಟೋ ಅಲ್ಲ, ಐಸೊಲೇಟೆಡ್ ಕೇಳಿ ತನ್ನಿ. 60 ಹರ್ಟ್ಸ್‌ಗೆ ಸುತ್ತಿದ ಟ್ರಾನ್ಸ್‌ಫಾರ್ಮರ್ ನಮ್ಮ 50ರಲ್ಲಿ ಸ್ವಲ್ಪ ಹೆಚ್ಚು ಕಾಯುತ್ತದೆ, ಮೊದಲ ಎರಡು ಗಂಟೆ ಗಮನವಿಡಿ. ಹೊರಗಿನ ಅಡಾಪ್ಟರಿನಿಂದ ನಡೆಯುವುದಾದರೆ ಅಡಾಪ್ಟರ್ ಬದಲಿಸಿದರೆ ಮುಗಿಯಿತು. 12 ವೋಲ್ಟ್ ಡಿಸಿಯೋ ಎಸಿಯೋ ಓದಿ ಕೊಳ್ಳಿ, ಎಸಿ ಬೇಡುವ ಡ್ಯಾಕ್‌ಗಳೂ ಇವೆ.

ಪ್ರಶ್ನೆ: ಎಡಗಡೆ ಸ್ಪೀಕರಿನಲ್ಲಿ ಚರಪರ ಸದ್ದು, ಮಳೆಗಾಲದಲ್ಲಿ ಹೆಚ್ಚು. ಟೇಬಲ್ ಕುಟ್ಟಿದರೆ ‘ಟಿಂಗ್’ ಎಂದೂ ಕೇಳುತ್ತದೆ. (ಉಡುಪಿ)

ಉತ್ತರ: ಪ್ಲಗ್ ತೆಗೆದು, ವಾಲ್ವ್ ತಣ್ಣಗಾದ ಮೇಲೆ ಎಡಬಲ ವಾಲ್ವ್‌ಗಳನ್ನು ಅದಲುಬದಲು ಮಾಡಿ. ಸದ್ದು ಬಲಕ್ಕೆ ಹೋದರೆ ವಾಲ್ವಿನದು, ಎಡಕ್ಕೇ ಉಳಿದರೆ ಸಾಕೆಟ್ಟಿನದು. ಕರಾವಳಿಯ ತೇವಕ್ಕೆ ಪಿನ್ನು ಕಪ್ಪಾಗುವುದು ಸಾಮಾನ್ಯ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಪಿನ್ ಒರೆಸಿ, ಗಾಜಿನ ಮೇಲಿನ ಅಕ್ಷರಗಳನ್ನು ಮುಟ್ಟಬೇಡಿ, ಅಳಿಸಿಹೋಗುತ್ತವೆ. ಸಾಕೆಟ್ ಸಡಿಲವಾಗಿದ್ದರೆ ಸೂಜಿಯಿಂದ ಕಾಂಟ್ಯಾಕ್ಟ್‌ಗಳನ್ನು ಸ್ವಲ್ಪ ಒಳಕ್ಕೆ ಒತ್ತಬಹುದು. ಟಿಂಗ್ ಅನ್ನುವುದು ಒಳಗಿನ ಗ್ರಿಡ್ ಅದುರುವುದರಿಂದ. ಸಣ್ಣಗಿದ್ದರೆ ಸಿಲಿಕೋನ್ ರಿಂಗ್ ತೊಡಿಸಿ, ಡ್ಯಾಕನ್ನು ಸ್ಪೀಕರಿನ ಮೇಲಿಂದ ಇಳಿಸಿ. ದೊಡ್ಡದಿದ್ದರೆ ಆ ವಾಲ್ವನ್ನೇ ಬದಲಿಸಿ. ವಾಲ್ವಿನ ತಲೆಯೊಳಗೆ ಬೆಳ್ಳಿಯಂತೆ ಹೊಳೆಯುವ ಲೇಪ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಎಂದರ್ಥ, ಮತ್ತೆ ಪರೀಕ್ಷೆ ಬೇಕಿಲ್ಲ.

ಪ್ರಶ್ನೆ: ನನ್ನ ಡ್ಯಾಕ್‌ನ ವಾಲ್ವ್ ನಿಜವಾಗಿ ಕೆಲಸ ಮಾಡುತ್ತಿದೆಯೋ, ಬರೀ ಅಲಂಕಾರಕ್ಕೋ? (ದಾವಣಗೆರೆ)

ಉತ್ತರ: ಆಫ್ ಮಾಡಿ ಎರಡೂ ವಾಲ್ವ್ ತೆಗೆಯಿರಿ. ಆಂಪ್ಲಿಫೈಯರಿನ ವಾಲ್ಯೂಮ್ ಪೂರ್ತಿ ಇಳಿಸಿ ಮತ್ತೆ ಆನ್ ಮಾಡಿ, ನಿಧಾನವಾಗಿ ಏರಿಸಿ. ಆರ್‌ಸಿಎ ಔಟ್‌ಪುಟ್ಟಿನಲ್ಲಿ ಹಾಡು ಮೊದಲಿನಂತೆಯೇ ಬಂದರೆ ಅಲಂಕಾರವೇ. ಕಣ್ಣಿಗೂ ಸ್ವಲ್ಪ ಗೊತ್ತಾಗುತ್ತದೆ: ನಿಜವಾದ ಹೀಟರ್ ನಡುವಿನ ಸಣ್ಣ ಕೊಳವೆಯ ಮೇಲ್ತುದಿ ಕೆಳತುದಿಗಳಲ್ಲಿ ಮಾತ್ರ ಕೆಂಡದ ಬಣ್ಣ ತೋರಿಸುತ್ತದೆ, ಅದೂ ನಿಧಾನವಾಗಿ ಕಾದು. ಆನ್ ಮಾಡಿದ ಕ್ಷಣವೇ ಗಾಜಿನ ಬುಡವೆಲ್ಲ ಬೆಳಗಿದರೆ ಅದು ಕೆಳಗಿಟ್ಟ ಎಲ್‌ಇಡಿ. ಎಲ್‌ಇಡಿ ಇದ್ದ ಮಾತ್ರಕ್ಕೆ ವಾಲ್ವ್ ಸುಳ್ಳು ಎಂದಲ್ಲ, ಎರಡೂ ಇರುವುದುಂಟು.

ಪ್ರಶ್ನೆ: ದಿನವೆಲ್ಲ ಆನ್ ಇಟ್ಟರೆ ಒಳ್ಳೆಯದು ಎನ್ನುತ್ತಾರೆ. (ಹಾಸನ)

ಉತ್ತರ: ಬೇಡ. ಒಳ್ಳೆಯ ಸಿಗ್ನಲ್ ವಾಲ್ವ್‌ಗಳ ಆಯಸ್ಸು 5,000ದಿಂದ 10,000 ಗಂಟೆ. ದಿನಕ್ಕೆ 4 ಗಂಟೆಯಂತೆ 10,000 ಗಂಟೆಗೆ ಸುಮಾರು 7 ವರ್ಷವಾಗುತ್ತದೆ, ಹಗಲುರಾತ್ರಿ ಬಿಟ್ಟರೆ ಒಂದು ವರ್ಷ ಎರಡು ತಿಂಗಳಿಗೇ ಮುಗಿಯುತ್ತದೆ. ಕೇಳುವ ಮೊದಲು ಡ್ಯಾಕ್ ಆನ್ ಮಾಡಿ, ಒಂದು ನಿಮಿಷ ಬಿಟ್ಟು ಆಂಪ್ಲಿಫೈಯರ್ ಹಾಕಿ. ಮುಗಿಸುವಾಗ ಆಂಪ್ಲಿಫೈಯರ್ ಮೊದಲು ಆಫ್, ಆಮೇಲೆ ಡ್ಯಾಕ್.