ಇಲ್ಲಿ ಬಿಸಿಲೇರಿದರೆ ಹೊಳೆ ತುಂಬುತ್ತದೆ

ತಮ್ಮಾ, ನಿನ್ನ ಪ್ರಶ್ನೆ ಓದಿ ನಗು ಬಂತು. ಡೆನ್ವರ್‌ಗೆ ಬಂದು ಎರಡೇ ತಿಂಗಳು, ಆಫೀಸಿನವರು ಮೇ ತಿಂಗಳಲ್ಲಿ ಕೊಲರಾಡೋದ ಬೆಟ್ಟದೂರು ಸಲೈಡಾ ಕಡೆ ಫ್ಲೈ ಫಿಶಿಂಗ್‌ಗೆ, ಅಂದರೆ ನಕಲಿ ಹುಳ ಬೀಸಿ ಮೀನು ಹಿಡಿಯಲು, ಕರೆಯುತ್ತಿದ್ದಾರೆ, ಮೊಟ್ಟೆಯನ್ನೂ ಮುಟ್ಟದ ನಾನು ಹೋಗಲಾ ಅಂತ ಕೇಳಿದ್ದೀಯ. ಹೋಗು. ಹಿಡಿದ ಮೀನನ್ನು ಅಲ್ಲೇ ನೀರಿಗೆ ಬಿಡುವವರೇ ಇಲ್ಲಿ ಜಾಸ್ತಿ. ನಿನ್ನ ತಟ್ಟೆಗೆ ಯಾರೂ ಬಡಿಸುವುದಿಲ್ಲ.

ಯಾವ ವಾರ ಅಂತ ಮಾತ್ರ ಸರಿಯಾಗಿ ಕೇಳಿಕೊ. ತುಮಕೂರಿನ ನಮಗೆ ಬೇಸಿಗೆ ಅಂದರೆ ಕೆರೆ ಬತ್ತುವ ಕಾಲ, ಅಲ್ವಾ? ಅದೇ ಲೆಕ್ಕದಲ್ಲಿ ಮೊದಲ ವರ್ಷ ಮೇ ಕೊನೆಗೆ, ಒಳ್ಳೆ ಬಿಸಿಲು ನೋಡಿಕೊಂಡು ಸಲೈಡಾದಲ್ಲಿ ಹರಿಯುವ ಅರ್ಕಾನ್ಸಾ ಹೊಳೆಗೆ ಹೋದೆ. ಟೀ ಬಣ್ಣದ ನೀರು ದಡದ ಪೊದೆಗಳನ್ನೇ ಎಳೆಯುತ್ತಿತ್ತು. ಬೆಟ್ಟದ ಹಿಮ ಕರಗುವುದು ಆಗಲೇ. ಬಿಸಿಲೇರಿದಷ್ಟೂ ಹೊಳೆ ಏರುತ್ತದೆ. ದಡದಲ್ಲಿ ಕೂತು ಚಿತ್ರಾನ್ನ ತಿಂದು ವಾಪಸ್ ಬಂದೆ.

ಈಗ ಹೊರಡುವ ಮುಂಚೆ ಫೋನಿನಲ್ಲಿ ನೀರಿನ ಮಟ್ಟ ನೋಡುತ್ತೇನೆ. ಹೇಮಾವತಿ ನಾಲೆಗೆ ಎಷ್ಟು ಬಿಟ್ಟರು ಅಂತ ಊರಲ್ಲಿ ಹೇಳುತ್ತಾರಲ್ಲ, ಅದೇ ಕ್ಯೂಸೆಕ್. ಏಪ್ರಿಲ್‌ನಲ್ಲಿ ಕೆಲವೇ ನೂರು ಇದ್ದದ್ದು ಜೂನ್ ಹೊತ್ತಿಗೆ ಸಾವಿರ ದಾಟಿರುತ್ತದೆ.

ಆ ಕೆಂಪು ನೀರು ಬರುವ ಮುಂಚಿನ ದಿನಗಳೇ ಚೆನ್ನ. ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ರೆಕ್ಕೆ ಗೆದ್ದಲು ಎದ್ದು ದೀಪಕ್ಕೆ ಮುತ್ತುತ್ತವಲ್ಲ? ಇಲ್ಲಿ ಕ್ಯಾಡಿಸ್ ಅನ್ನುವ ಹುಳ ಹಾಗೆ ಏಳುತ್ತದೆ, ನೀರೊಳಗಿಂದ. ಚಿಕ್ಕದಿದ್ದಾಗ ಕಲ್ಲಿನಡಿಯಲ್ಲಿ ವಾಸ. ನೀರು ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾದಾಗ ಮೇಲೆ ಬಂದು ರೆಕ್ಕೆ ಬಿಚ್ಚುತ್ತದೆ. ಹೊಳೆಯ ಕೆಳಭಾಗದ ಊರು ಕ್ಯಾನ್ಯನ್ ಸಿಟಿ ಹತ್ತಿರ ಏಪ್ರಿಲ್‌ನಲ್ಲೇ ಶುರು. ನೀರು ಬೆಚ್ಚಗಾದ ಹಾಗೆ ಹೊಳೆಯ ಮೇಲ್ಮುಖಕ್ಕೆ ಸಾಗುತ್ತಾ, ಮೇ ಎರಡನೇ ಭಾನುವಾರದ ಅಮ್ಮಂದಿರ ದಿನದ ಆಸುಪಾಸಿಗೆ ಸಲೈಡಾ ಸೇರುತ್ತದೆ. ಸಂಜೆ ಹೆಣ್ಣು ಹುಳಗಳು ಮೊಟ್ಟೆ ಇಡಲು ನೀರಿಗೆ ತಾಕುತ್ತವೆ, ಟ್ರೌಟ್ ಮೀನು ಚಟ್ಟನೆ ಬಾಯಿ ಹಾಕುತ್ತದೆ. ಕೊಕ್ಕೆಗೆ ಗರಿ, ಕೂದಲು ಸುತ್ತಿ ಅದೇ ಹುಳದ ಹಾಗೆ ಮಾಡಿರುತ್ತಾರೆ. ಎರೆಹುಳ ಚುಚ್ಚುವ ಕೆಲಸವೇ ಇಲ್ಲ. ಆದರೆ ಹುಳ ಬಾಯಿಗೆ, ಕಿವಿಗೆ ನುಗ್ಗುತ್ತದೆ. ಮೊಟ್ಟೆ ಮುಟ್ಟದವನೇ, ಬಾಯಿ ಮುಚ್ಚಿಕೊಂಡಿರು!

ನೀನು ತಡವಾಗಿ ಹೋಗುವುದಾದರೆ ಅಣೆಕಟ್ಟಿನ ಕೆಳಗಿನ ಹೊಳೆ ನೋಡು. ಸೌತ್ ಪ್ಲಾಟ್ ಹೊಳೆಯ ಚೀಸ್‌ಮನ್ ಡ್ಯಾಮಿನ ಕೆಳಗೆ ನೀರು ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ಮಣ್ಣು ಡ್ಯಾಮಿನಲ್ಲೇ ತಂಗುತ್ತದೆ.

ಮೀನು ಹಿಡಿಯಲು ಲೈಸೆನ್ಸ್ ಬೇಕು. ಆರು ತಿಂಗಳು ಆಗುವ ತನಕ ನೀನು ಹೊರರಾಜ್ಯದವನ ಲೆಕ್ಕ. ಒಂದು ದಿನದ್ದು ತಗೋ, ಸಾಕು.

ಶೂ ಸೈಜ್ ಹೇಳು, ನನ್ನ ಹಳೇ ವೇಡರ್ಸ್, ಅಂದರೆ ನೀರಿಗಿಳಿಯಲು ಎದೆವರೆಗೆ ಹಾಕುವ ನೀರು ಸೋರದ ಪ್ಯಾಂಟು, ಇದೆ, ಕೊಡುತ್ತೇನೆ. ಸೊಂಟಕ್ಕೆ ಬೆಲ್ಟ್ ಬಿಗಿಯದೆ ನೀರಿಗೆ ಇಳಿಯಬೇಡ. ಜಾರಿದರೆ ಒಳಗೆ ನೀರು ತುಂಬಿಕೊಳ್ಳುತ್ತದೆ.